ಊರಿಂದ ಊರಿಗೆ ಕಾವಲು: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಸಂರಕ್ಷಣೆ ನಡೆದ ದಾರಿ



ಈ ಸೀಮೆಯ ಬಗ್ಗೆಯೇ ಮಾತನಾಡಬೇಕೆಂದು ಈ ದತ್ತಿ ಉಪನ್ಯಾಸದ ದಾನಿಗಳು ಬಯಸಿದಾಗ ನಾನು ಗುಡಿ, ಶಾಸನ, ಕಾವ್ಯಗಳ ಕಡೆ ಹೋಗಲಿಲ್ಲ. ಅಮೃತಾಪುರದ ಅಮೃತೇಶ್ವರನ ಬಗ್ಗೆ, ದೇವನೂರಿನ ಲಕ್ಷ್ಮೀಶನ ಬಗ್ಗೆ ಅಧಿಕಾರದಿಂದ ಮಾತನಾಡಬಲ್ಲವರು ಈ ಸಭೆಯಲ್ಲೇ ಕುಳಿತಿದ್ದಾರೆ. ನಾನು ಎತ್ತಿಕೊಂಡಿರುವುದು ಹುಲ್ಲು, ಕಾಡು, ಕೆರೆಗಳ ಪ್ರಶ್ನೆ. ಒಂದು ಊರಿನ ಜನ ತಮ್ಮ ಹುಲ್ಲಿನ ಕಾವಲನ್ನೋ ಕೆರೆಯನ್ನೋ ಉಳಿಸಿಕೊಂಡರೆ ಆ ಕೆಲಸ ಪಕ್ಕದ ಊರಿಗೆ ಹೋಗುವುದು ಹೇಗೆ? ಹೋದ ಮೇಲೆ ಅಲ್ಲಿ ನಿಲ್ಲುವುದು ಯಾವುದರ ಬಲದಿಂದ?

ಈ ಪ್ರಶ್ನೆಯನ್ನು ಕೇಳಲು ಕಡೂರು, ತರೀಕೆರೆ, ಅಜ್ಜಂಪುರಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಪಡುವಣಕ್ಕೆ ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ, ಲಕ್ಕವಳ್ಳಿಯ ಕಾಡು. ಅಲ್ಲಿ ಮಳೆಗೆ ಬಿಡುವಿಲ್ಲ. ಲಿಂಗದಹಳ್ಳಿ ದಾಟಿ ಬೀರೂರಿಗೆ ಬರುವಷ್ಟರಲ್ಲಿ ಬೆಟ್ಟದ ಮರೆಗೆ ಬಿದ್ದ ನೆಲ. ಅಲ್ಲಿಂದ ಮೂಡಣಕ್ಕೆ ರಾಗಿ, ಈರುಳ್ಳಿ, ತೆಂಗು, ಕುರಿ, ಗಾಳಿ. ಒಂದು ಬೆಳಗಿನ ಬಸ್ ಪ್ರಯಾಣದಲ್ಲಿ ಹುಲಿಯ ಕಾಡಿನಿಂದ ಕೃಷ್ಣಮೃಗದ ಬಯಲಿಗೆ ಬಂದುಬಿಡಬಹುದು. ಇಂಥ ನೆಲದಲ್ಲಿ ಸಂರಕ್ಷಣೆ ಎಂದರೆ ಒಂದೇ ಬಗೆಯ ಕೆಲಸವಾಗಿರಲು ಸಾಧ್ಯವಿಲ್ಲ. ಕಾನೂನು ಕೊಟ್ಟ ಬೇರೆ ಬೇರೆ ದಾರಿಗಳಲ್ಲಿ ಹಲವನ್ನು ಈ ಮೂರು ತಾಲ್ಲೂಕುಗಳು ಪರೀಕ್ಷಿಸಿ ನೋಡಿವೆ.

ಮೊದಲು ನಮ್ಮ ಕಣ್ಣೆದುರೇ ಹರಡಿದ ಒಂದು ಸಂಗತಿಯನ್ನು ನೋಡೋಣ. ಕೊಳವೆಬಾವಿ ಮತ್ತು ಅಡಿಕೆ. ಈ ಸೀಮೆಯ ಹೊಲಗಳಿಗೆ ಇವು ಬಂದದ್ದಕ್ಕೆ ಯಾವ ಜಾಗೃತಿ ಜಾಥಾವೂ ನಡೆಯಲಿಲ್ಲ. ಬೀಗರ ಊರಿಗೆ ಹಬ್ಬಕ್ಕೆ ಹೋದವನು ಅವರ ತೋಟ ನೋಡಿಕೊಂಡು ಬಂದ. ಮರುವರ್ಷ ರಿಗ್ ಲಾರಿ ಅವನ ಹೊಲಕ್ಕೆ ಬಂತು. ಅದರ ಮರುವರ್ಷ ಪಕ್ಕದ ಹೊಲಕ್ಕೆ. ಅಂತರ್ಜಲ ಅತಿಯಾಗಿ ಬಳಕೆಯಾದ ತಾಲ್ಲೂಕುಗಳ ಸರ್ಕಾರಿ ಪಟ್ಟಿಗೆ ಕಡೂರು ಸೇರಿದ ಮೇಲೂ ಈ ಹರಡುವಿಕೆ ನಿಂತಿಲ್ಲ.

ಹೊಸ ಪದ್ಧತಿ ರೈತರಲ್ಲಿ ಹೇಗೆ ಹರಡುತ್ತದೆ ಎಂಬುದನ್ನು ಮೊದಲು ಗಟ್ಟಿಯಾಗಿ ಅಭ್ಯಾಸ ಮಾಡಿದವರು ಅಮೆರಿಕದ ಅಯೋವಾದ ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್. 1943ರಲ್ಲಿ ಪ್ರಕಟವಾದ ಅವರ ಅಧ್ಯಯನ ಎರಡು ಊರುಗಳ ಇನ್ನೂರಕ್ಕೂ ಹೆಚ್ಚು ರೈತರು ಹೈಬ್ರಿಡ್ ಮೆಕ್ಕೆಜೋಳಕ್ಕೆ ಬದಲಾದ ಬಗೆಯನ್ನು ಕುರಿತದ್ದು. ಅವರು ಕಂಡದ್ದು ಇಷ್ಟು: ಬೀಜದ ಸುದ್ದಿ ತಂದವನು ಬಹುಮಟ್ಟಿಗೆ ಬೀಜ ಮಾರುವವನು, ಬಿತ್ತುವಂತೆ ಮನಸ್ಸು ಮಾಡಿಸಿದವನು ನೆರೆಯ ರೈತ. ಮುಂದೆ ಎವರೆಟ್ ರೋಜರ್ಸ್ ಇಂಥ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 1962ರಲ್ಲಿ ಒಂದು ಸಿದ್ಧಾಂತವನ್ನೇ ಕಟ್ಟಿದರು. ಈಚಿನ ವರ್ಷಗಳಲ್ಲಿ ಜೀವಿ ಸಂರಕ್ಷಣೆಯ ಅಧ್ಯಯನಕಾರರೂ ಅದೇ ಕನ್ನಡಕವನ್ನು ಹಾಕಿಕೊಂಡು ನೋಡತೊಡಗಿದ್ದಾರೆ. ಜನರೇ ನಡೆಸುವ ಸಂರಕ್ಷಣೆ ಕೆಲವು ದೇಶಗಳಲ್ಲಿ ಊರಿಂದೂರಿಗೆ ಹಬ್ಬಿತು, ಕೆಲವು ಕಡೆ ಹುಟ್ಟಿದಲ್ಲೇ ಬತ್ತಿತು. ಏಕೆ ಎಂಬುದು ಅವರ ಪ್ರಶ್ನೆ.

ಅಡಿಕೆಗೂ ಕಾವಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಡಿಕೆ ಹಾಕಿದವನಿಗೇ ಅಡಿಕೆಯ ದುಡ್ಡು. ಕಾವಲನ್ನು ಉಳಿಸಿದವನಿಗೆ? ಹುಲ್ಲು ಎಲ್ಲರದು, ನೀರಿಂಗಿದ್ದು ಎಲ್ಲರ ಬಾವಿಗೆ, ಮಧ್ಯ ಏಷ್ಯಾದಿಂದ ಚಳಿಗಾಲಕ್ಕೆ ಬರುವ ಹ್ಯಾರಿಯರ್ ಗಿಡುಗ ಇಡೀ ಜಗತ್ತಿನದು. ಆದರೆ ತೋಳ ಕುರಿ ಹಿಡಿದರೆ ಅದು ಒಬ್ಬನ ಕುರಿ. ಕೃಷ್ಣಮೃಗ ರಾಗಿ ಪೈರಿಗೆ ಬಾಯಿ ಹಾಕಿದರೆ ಅದು ಒಬ್ಬಳ ಹೊಲ. ಲಾಭ ಹಂಚಿಹೋಗುತ್ತದೆ, ನಷ್ಟ ಮನೆಬಾಗಿಲಿಗೆ ಬರುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಜನರಲ್ಲಿ ಅರಿವು ಮೂಡಬೇಕು ಎಂದು ಹೇಳುತ್ತ ಕೂರುವುದರಿಂದ ಏನೂ ಆಗದು. ಅರಿವು ಕುರಿಗಾಹಿಯಲ್ಲಿ ನಮಗಿಂತ ಹೆಚ್ಚೇ ಇದೆ. ಯಾವ ಹುಲ್ಲು ಯಾವ ತಿಂಗಳು ಬಲಿಯುತ್ತದೆ, ತೋಳ ಯಾವ ದಿಣ್ಣೆಯಲ್ಲಿ ಮರಿ ಹಾಕುತ್ತದೆ ಎಂಬುದನ್ನು ಅವನು ಯಾವ ಪುಸ್ತಕದಿಂದಲೂ ಕಲಿಯಬೇಕಾಗಿಲ್ಲ.

ಕಾವಲುಗಳ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಇದು ನಮ್ಮ ಸೀಮೆಯ ಹೆಮ್ಮೆಯ ಕಥೆ, ನೋವಿನ ಕಥೆಯೂ ಹೌದು. ವಿಜಯನಗರದ ಪ್ರತಿನಿಧಿಗಳ ಕಾಲದಿಂದ ಶ್ರೀರಂಗಪಟ್ಟಣದಲ್ಲಿದ್ದ ರಾಸುಗಳ ಹಿಂಡನ್ನು ಮೈಸೂರಿನ ಒಡೆಯರು ಬೆಳೆಸಿದರು. ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ ಅದಕ್ಕೆ ಬೆಣ್ಣೆ ಚಾವಡಿ ಎಂಬ ಇಲಾಖೆಯೇ ಆಯಿತು. ಅರಮನೆಗೆ ಹಾಲು ಬೆಣ್ಣೆ ಬರಬೇಕು, ದಂಡಿಗೆ ಎತ್ತು ಬರಬೇಕು. ಹೈದರ್, ಟಿಪ್ಪು ಇವನ್ನು ಫಿರಂಗಿ ಎಳೆಯುವ ಪಡೆಯಾಗಿ ಬಳಸಿದರು. ಅಮೃತಮಹಲ್ ಎಂಬ ಹೆಸರು ಟಿಪ್ಪುವಿನ ಕಾಲದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಕ್ರಮೇಣ ಕಂಪನಿಯ ಸೇನೆಯ ಕೈ ಸೇರಿತು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಮದರಾಸು ಸರ್ಕಾರ ಇಡೀ ಹಿಂಡನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತು ಎಲ್ಲೂ ಸಿಗದಂತಾಗಿ 1866ರಲ್ಲಿ ಅಳಿದುಳಿದ ರಾಸುಗಳನ್ನು ಹುಡುಕಿ ತಂದು ಮತ್ತೆ ಹಿಂಡು ಕಟ್ಟಬೇಕಾಯಿತು. ಆರೇ ವರ್ಷದಲ್ಲಿ ಕಳೆದುಕೊಂಡದ್ದನ್ನು ಮರಳಿ ಕಟ್ಟಲು ಎರಡು ತಲೆಮಾರಾದರೂ ಬೇಕು ಎಂಬ ಪಾಠ ಈ ಒಂದು ಘಟನೆಯಲ್ಲಿದೆ.

ಈ ಹಿಂಡಿಗಾಗಿ ಮೈಸೂರು ರಾಜ್ಯದಾದ್ಯಂತ ಹುಲ್ಲುಗಾವಲುಗಳನ್ನು ಕಾಯ್ದಿಡಲಾಗಿತ್ತು. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆ. ಕೆರೆಯಂಗಳ, ಹಳ್ಳದ ದಂಡೆಯಲ್ಲಿ ನೆರಳೂ ನೀರೂ ಇದ್ದದ್ದು ಬೇಸಿಗೆಗೆ. ಮುಂಗಾರು ಬಿದ್ದು ಬಯಲು ಹಸುರಾದಾಗ ಹಿಂಡು ಬಯಲಿಗೆ. ಒಂದು ಕಾವಲು ಮೇಯುವಾಗ ಇನ್ನೊಂದಕ್ಕೆ ವಿಶ್ರಾಂತಿ. ಇವತ್ತು ಮೇವಿನ ವಿಜ್ಞಾನಿಗಳು ಸರದಿ ಮೇಯಿಸುವಿಕೆ ಎಂದು ಏನನ್ನು ಬೋಧಿಸುತ್ತಾರೋ ಅದು ಇಲ್ಲಿ ಇನ್ನೂರು ವರ್ಷಗಳ ಹಿಂದೆಯೇ ದಿನಚರಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಲೆಕ್ಕದಲ್ಲಿ ಈ ಕಾವಲುಗಳೆಲ್ಲ ಸೇರಿ 4 ಲಕ್ಷ ಎಕರೆಗೂ ಹೆಚ್ಚು. ಮೈಸೂರು ಸಂಸ್ಥಾನದ ಕಾಲದಲ್ಲೇ ಅಜ್ಜಂಪುರ ಈ ತಳಿಯ ಸಂವರ್ಧನೆಯ ಕೇಂದ್ರವಾಯಿತು. ಬೀರೂರಿನ ಅಮೃತಮಹಲ್ ಕರುಗಳ ಹರಾಜಿಗೆ ಇಂದಿಗೂ ದೂರದ ಜಿಲ್ಲೆಗಳ ರೈತರು ಬರುತ್ತಾರೆ.

ಆದರೆ ಈ ವ್ಯವಸ್ಥೆ ಅರಸನದಾಗಿತ್ತು, ಊರಿನದಾಗಿರಲಿಲ್ಲ. ದಂಡಿಗೆ ಎತ್ತು ಬೇಡವಾದ ದಿನ ಹುಲ್ಲಿಗೂ ಯಜಮಾನ ಇಲ್ಲದಂತಾಯಿತು. ಕಾಗದದಲ್ಲಿ ಪಶುಪಾಲನೆಯವರದು, ನೆಲದ ಮೇಲೆ ಕಂದಾಯದವರದು, ಗಿಡ ನೆಡುವಾಗ ಅರಣ್ಯದವರದು. ಒಂದಿಷ್ಟು ಭೂರಹಿತರಿಗೆ ಹಂಚಿಕೆಯಾಯಿತು. ಅದರಲ್ಲಿ ನ್ಯಾಯವೂ ಇತ್ತು, ಅದನ್ನು ನಾನು ಅಲ್ಲಗಳೆಯಲಾರೆ. ಇನ್ನೊಂದಿಷ್ಟು ಒತ್ತುವರಿಯಾಯಿತು. ಮತ್ತೊಂದಿಷ್ಟಕ್ಕೆ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ, ಅಕೇಶಿಯಾ ಬಂತು. ಬಯಲನ್ನು ಬಂಜರು ಎಂದು ಬರೆದುಕೊಂಡ ಇಲಾಖೆಗೆ ಅಲ್ಲಿ ಮರ ನೆಡುವುದು ಪುಣ್ಯದ ಕೆಲಸವೆಂದೇ ತೋರಿರಬೇಕು. ಹುಲ್ಲೇ ಅಲ್ಲಿಯ ಕಾಡು ಎಂದು ಹೇಳುವವರು ಆಗ ಸಭೆಯಲ್ಲಿ ಇರಲಿಲ್ಲ. ಹೇಳಬಲ್ಲವರು ಕುರಿ ಹಿಂದೆ ಹೋಗಿದ್ದರು.

ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಏನಾಯಿತೆಂಬುದು ನಿಮಗೆ ಗೊತ್ತು. ಖುದಾಪುರ, ಉಳ್ಳಾರ್ತಿ ಸುತ್ತಲಿನ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆ, ಅಣುವಿಜ್ಞಾನ, ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು. ಗೋಡೆ ಎದ್ದ ಮೇಲೆ ಊರವರಿಗೆ ತಿಳಿಯಿತು. ಕುರಿಗಾಹಿಗಳು, ಕಂಬಳಿ ನೇಯುವವರು ಬೀದಿಗಿಳಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಆ ಹೋರಾಟ ನೆಲವನ್ನು ಮರಳಿಸಲಿಲ್ಲವಾದರೂ ಒಂದು ಕೆಲಸ ಮಾಡಿತು: ಕಾವಲು ಎಂದರೆ ಖಾಲಿ ಜಾಗವಲ್ಲ ಎಂಬ ಮಾತು ಅಲ್ಲಿಂದಾಚೆಗೆ ಬಯಲುಸೀಮೆಯ ಊರುಗಳಲ್ಲಿ ಗಟ್ಟಿಯಾಗಿ ಕೇಳಿಬರತೊಡಗಿತು.

ಅದೇ ಹೊತ್ತಿನಲ್ಲಿ ನಮ್ಮ ಕಡೂರು ತಾಲ್ಲೂಕಿನಲ್ಲಿ ಬೇರೊಂದು ದಾರಿ ತೆರೆಯಿತು. 2011ರಲ್ಲಿ ಬಾಸೂರು ಅಮೃತಮಹಲ್ ಕಾವಲು ಸಂರಕ್ಷಣಾ ಮೀಸಲು ಪ್ರದೇಶವಾಯಿತು. 7.36 ಚದರ ಕಿಲೋಮೀಟರ್. ಕಾಡಿನವರ ಅಳತೆಯಲ್ಲಿ ಅದೊಂದು ಚೂರು. ಆದರೆ ಕೃಷ್ಣಮೃಗ, ತೋಳ, ನರಿ, ನೆಲದಲ್ಲೇ ಗೂಡು ಕಟ್ಟುವ ಬಾನಾಡಿಗಳು, ಚಳಿಗಾಲದ ಸಂಜೆ ಹುಲ್ಲಿನಲ್ಲಿ ತಂಗಲು ಇಳಿಯುವ ಹ್ಯಾರಿಯರ್‌ಗಳು ಎಲ್ಲವೂ ಆ ಚೂರಿನಲ್ಲಿವೆ.

ಬಾಸೂರಿಗೆ ಈ ಸ್ಥಾನ ಬಂದ ಬಗೆಯಲ್ಲಿ ಹರಡುವಿಕೆಯ ಮೊದಲ ಪಾಠವಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಎರಡು ಹೊಸ ಬಾಗಿಲು ತೆರೆಯಿತು. ಸರ್ಕಾರದ ನೆಲವಾದರೆ ಸುತ್ತಲಿನ ಜನರನ್ನು ಕೇಳಿ ಸಂರಕ್ಷಣಾ ಮೀಸಲು. ಖಾಸಗಿ ಅಥವಾ ಸಮುದಾಯದ ನೆಲವಾದರೆ ಜನರೇ ಮುಂದೆ ಬಂದಾಗ ಸಮುದಾಯ ಮೀಸಲು. ರಾಷ್ಟ್ರೀಯ ಉದ್ಯಾನದಂತೆ ಜನರನ್ನು ಹೊರಹಾಕುವ ಕಾನೂನಲ್ಲ ಇದು. ತುಮಕೂರಿನ ವನ್ಯಜೀವಿ ಆಸಕ್ತರು ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ ಬಯಲಿನಲ್ಲಿ ವರ್ಷಗಟ್ಟಲೆ ಕೃಷ್ಣಮೃಗಗಳನ್ನು ಎಣಿಸಿ, ಬರೆದು, ಬೆನ್ನುಹತ್ತಿ 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಆಗುವಂತೆ ಮಾಡಿದರು. ಅದೇ ವರ್ಷ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು ಸಮುದಾಯ ಮೀಸಲು ಆಯಿತು. ನಾಲ್ಕು ವರ್ಷದಲ್ಲಿ ಉತ್ತರ ಕನ್ನಡದ ಅಘನಾಶಿನಿ, ಬೇಡ್ತಿ ಕಣಿವೆಗಳು, ದಾಂಡೇಲಿಯ ಮಂಗಟ್ಟೆ ಹಕ್ಕಿಯ ನೆಲೆ, ನಮ್ಮ ಬಾಸೂರು. ಒಂದು ಕಡೆ ಆದದ್ದನ್ನು ಕಂಡವರು ಇನ್ನೊಂದು ಕಡೆ ಕೇಳಿದರು. ಅಯೋವಾದ ರೈತನಂತೆಯೇ.

ಆದರೆ ಕಂಡವರು ಯಾರು, ಕೇಳಿದವರು ಯಾರು? ಹೆಚ್ಚಾಗಿ ನಗರದ ನಿಸರ್ಗಪ್ರೇಮಿಗಳು, ಮನಸ್ಸಿದ್ದ ಅಧಿಕಾರಿಗಳು, ಪತ್ರಿಕೆಯವರು. ಅವರ ಶ್ರಮಕ್ಕೆ ನನ್ನ ನಮಸ್ಕಾರ ಇದೆ. ಅವರಿಲ್ಲದಿದ್ದರೆ ಬಾಸೂರಿನ ಹುಲ್ಲು ಇಷ್ಟು ಹೊತ್ತಿಗೆ ಬಡಾವಣೆಯಾಗಿರಬಹುದಿತ್ತು. ಆದರೂ ಮೈದೇನಹಳ್ಳಿಯ ಕುರಿಗಾಹಿಯೂ ಬಾಸೂರಿನ ಕುರಿಗಾಹಿಯೂ ಎದುರುಬದುರು ಕುಳಿತು ಮಾತಾಡಿದ ಸುದ್ದಿಯನ್ನು ನಾನು ಕೇಳಿಲ್ಲ. ಘೋಷಣೆ ಒಂದು ಜಾಲದಲ್ಲಿ ಹರಡಿತು, ಹುಲ್ಲಿನ ಜೊತೆ ಬದುಕುವವರ ಜಾಲ ಅದರ ಹೊರಗೇ ಉಳಿಯಿತು. ಅಜ್ಜಂಪುರದ ಕಾವಲುಗಳಿಗೆ ಬಾಸೂರಿನ ಮಾದರಿ ತಾನಾಗಿ ದಾಟದೇ ಇರುವುದಕ್ಕೆ ಇದೇ ಕಾರಣವೆಂದು ನನ್ನ ನಂಬಿಕೆ. ದೂರ ಎಷ್ಟೂ ಇಲ್ಲ. ಸಂಬಂಧಗಳೂ ಇವೆ, ಗೊಲ್ಲರಹಟ್ಟಿಯಿಂದ ಗೊಲ್ಲರಹಟ್ಟಿಗೆ ಹೆಣ್ಣು ತಂದುಕೊಡುವ ನಂಟು, ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿಮಂದೆ ತರುಬಲು ಊರೂರು ತಿರುಗುವ ಪರಿಪಾಠ, ಬೀರೂರು ಕಡೂರುಗಳ ಸಂತೆ. ಅಡಿಕೆ ಸಸಿ ಬಂದ ದಾರಿಗಳೆಲ್ಲ ತೆರೆದೇ ಇವೆ. ಬಾಸೂರಿನಿಂದ ಆ ದಾರಿ ಹಿಡಿದು ಹೊರಡುವಂಥ ಒಳ್ಳೆಯ ಸುದ್ದಿ ಕುರಿಗಾಹಿಗೆ ಇದೆಯೇ ಎಂಬುದು ಪ್ರಶ್ನೆ.

ಅಂಥ ಸುದ್ದಿ ಇರಬೇಕು ಎಂದರೆ ಏನು ಆಗಬೇಕು? ಹುಲ್ಲುಗಾವಲು ಮೇಯದಿದ್ದರೂ ಕೆಡುತ್ತದೆ, ಮಿತಿಮೀರಿ ಮೇಯ್ದರೂ ಕೆಡುತ್ತದೆ. ಪೂರಾ ಮುಚ್ಚಿದರೆ ಜಾಲಿ, ಲಂಟಾನ ಹಬ್ಬಿ ಬಯಲು ಪೊದೆಯಾಗುತ್ತದೆ, ಕೃಷ್ಣಮೃಗ ದೂರದಿಂದ ಶತ್ರುವನ್ನು ನೋಡಿ ಓಡುವ ಪ್ರಾಣಿ, ಪೊದೆಯಲ್ಲಿ ಅದು ಬಾಳದು. ಹಾಗಾಗಿ ಎಷ್ಟು ಕುರಿ, ಯಾವ ತಿಂಗಳು, ಯಾವ ಮಗ್ಗುಲು ಎಂಬ ಲೆಕ್ಕವೇ ಕಾವಲಿನ ಜೀವ. ಆ ಲೆಕ್ಕ ಹಾಕುವ ಅಧಿಕಾರ ಊರಿನವರ ಕೈಗೆ ಬಂದರೆ ಅದು ಸುದ್ದಿ. ತೋಳ ಕುರಿ ಹಿಡಿದ ವಾರದೊಳಗೆ ಪರಿಹಾರ ಬಂದರೆ ಅದು ಸುದ್ದಿ. ಇಂಥ ಸುದ್ದಿಯನ್ನು ಹರಡಲು ಯಾರೂ ಕರಪತ್ರ ಅಚ್ಚು ಹಾಕಿಸಬೇಕಾಗಿಲ್ಲ.

ಸಂರಕ್ಷಣಾ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಸಂಬಂಧಪಟ್ಟ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ಜೊತೆಗೆ ಸ್ವಯಂಸೇವಾ ಸಂಸ್ಥೆಗಳ ಮೂವರು, ಕೃಷಿ ಮತ್ತು ಪಶುಪಾಲನೆಯ ಅಧಿಕಾರಿಗಳು, ಸದಸ್ಯ ಕಾರ್ಯದರ್ಶಿಯಾಗಿ ಅರಣ್ಯ ಇಲಾಖೆಯ ಪ್ರತಿನಿಧಿ. ಈ ಸಮಿತಿಗೆ ಇರುವುದು ಸಲಹೆ ಕೊಡುವ ಹಕ್ಕು. ಸಮುದಾಯ ಮೀಸಲಿನಲ್ಲಾದರೆ ಸಮಿತಿಯೇ ನಿರ್ವಹಣೆಯ ಹೊಣೆ ಹೊರುತ್ತದೆ. ಸಮುದಾಯದ ನೆಲದಲ್ಲಿ ಪಂಚಾಯಿತಿ ಆರಿಸಿದ ಕನಿಷ್ಠ ಐವರು, ಅರಣ್ಯ ಇಲಾಖೆಯಿಂದ ಒಬ್ಬರೇ. ಎರಡಕ್ಕೂ ಎಷ್ಟು ಅಂತರವಿದೆ ನೋಡಿ. ಬಾಸೂರು ಮೊದಲನೆಯ ಬಗೆಗೆ ಸೇರಿದ್ದು.

ಬಾಸೂರಿಗಿಂತ ಒಂದು ವರ್ಷ ಮೊದಲು, 2010ರಲ್ಲಿ, ಇದೇ ಕಡೂರು ತಾಲ್ಲೂಕಿನ ಹೊಗರೇಕಾನು ಬೆಟ್ಟ ಜೀವವೈವಿಧ್ಯ ಪಾರಂಪರಿಕ ತಾಣವಾಗಿತ್ತು. 2,500 ಎಕರೆಗೂ ಹೆಚ್ಚಿನ ಶೋಲಾ ಕಾಡು, ಗುಡ್ಡದ ಹುಲ್ಲು. ಬಾಬಾಬುಡನ್‌ಗಿರಿಯ ಸಾಲನ್ನು ಎಮ್ಮೆದೊಡ್ಡಿಯ ಕುರುಚಲು ಕಾಡಿಗೆ ಸೇರಿಸುವ ಪ್ರಾಣಿಗಳ ಹಾದಿ. ಕೆನೆತ್ ಆಂಡರ್ಸನ್ನನ ಶಿಕಾರಿ ಕಥೆಗಳಲ್ಲಿ ಬರುವ ಎಮ್ಮೆದೊಡ್ಡಿ ಇದೇ. ಅವನ ಕಥೆಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದ ಮೇಲೆ ಕಾಡಿನ ಕಡೆ ಮುಖ ಮಾಡಿದ ಹುಡುಗರ ಒಂದು ಪೀಳಿಗೆಯೇ ಈ ಜಿಲ್ಲೆಯಲ್ಲಿ ಬೆಳೆಯಿತು. ಸಂರಕ್ಷಣೆ ಹರಡುವ ದಾರಿಗಳಲ್ಲಿ ಪುಸ್ತಕವೂ ಒಂದು ಎಂಬುದನ್ನು ಸಾಹಿತ್ಯದ ವೇದಿಕೆಯಲ್ಲಿ ಹೇಳದೆ ಇರಲಾರೆ.

ಪಾರಂಪರಿಕ ತಾಣ ಎಂಬುದು 2002ರ ಜೀವವೈವಿಧ್ಯ ಕಾಯ್ದೆಯ ಕೊಡುಗೆ. ದೇಶದ ಮೊದಲ ತಾಣ ನಮ್ಮ ರಾಜ್ಯದ್ದೇ: ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು, 2007. ಅಲ್ಲಿಂದ ಹೊಗರೇಕಾನು, ಮರುವರ್ಷ ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡ. ಇದೇ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಪ್ರಾಣಿ, ತಳಿ, ತಿಳಿವಳಿಕೆಗಳ ಜನತಾ ದಾಖಲೆ ಬರೆಯಬೇಕು ಎಂದಿತು. ವರ್ಷಾನುಗಟ್ಟಲೆ ಯಾರೂ ಗಮನ ಕೊಡಲಿಲ್ಲ. ಹಸಿರು ನ್ಯಾಯಮಂಡಳಿ ಗಡುವು ಹಾಕಿದ ಮೇಲೆ ದೇಶದಾದ್ಯಂತ 2.7 ಲಕ್ಷಕ್ಕೂ ಹೆಚ್ಚು ಸಮಿತಿಗಳು ಎದ್ದುನಿಂತವು. ಅಂಕಿಯನ್ನು ನೋಡಿದರೆ ಸಂರಕ್ಷಣೆ ಬಹಳ ವೇಗವಾಗಿ ಹರಡಿತು ಎನ್ನಬೇಕು. ಆದರೆ ಹಾಲು ಇದ್ದ ಮಾತ್ರಕ್ಕೆ ಮೊಸರಾಗುವುದಿಲ್ಲ, ಯಾರದೋ ಮನೆಯಿಂದ ಒಂದು ಚಮಚ ಹೆಪ್ಪು ತರಬೇಕು. ಈ ಸಮಿತಿಗಳಿಗೆ ಆ ಹೆಪ್ಪು ಬೀಳಲಿಲ್ಲ. ಎಷ್ಟೋ ಕಡೆ ಸಮಿತಿಯ ಸದಸ್ಯರಿಗೇ ತಾವು ಸದಸ್ಯರೆಂದು ತಿಳಿಯದು.

ಈ ಪಾಠವನ್ನು ನಾವು ಮೊದಲೊಮ್ಮೆ ಕಲಿತು ಮರೆತಿದ್ದೆವು. ಪಶ್ಚಿಮ ಬಂಗಾಳದ ಅರಾಬಾರಿಯಲ್ಲಿ 1970ರ ದಶಕದ ಆರಂಭದಲ್ಲಿ ಅಜಿತ್ ಕುಮಾರ್ ಬ್ಯಾನರ್ಜಿ ಎಂಬ ಅರಣ್ಯಾಧಿಕಾರಿ ಸುತ್ತಲಿನ ಊರವರಿಗೆ ಸಾಲ್ ಕಾಡಿನ ಆದಾಯದಲ್ಲಿ ಪಾಲು ಕೊಡುವ ಮಾತು ಕೊಟ್ಟು ಕಾಡನ್ನು ಚಿಗುರಿಸಿದರು. ಅದನ್ನು ನೋಡಿದ ಕೇಂದ್ರ ಸರ್ಕಾರ 1990ರಲ್ಲಿ ಸುತ್ತೋಲೆ ಹೊರಡಿಸಿತು. ಕರ್ನಾಟಕ 1993ರಲ್ಲಿ ಆದೇಶ ಮಾಡಿತು. ಗ್ರಾಮ ಅರಣ್ಯ ಸಮಿತಿಗಳು ಸಾವಿರಗಟ್ಟಲೆ ಆದವು. ವಿದೇಶಿ ನೆರವಿನ ಯೋಜನೆ ನಡೆಯುವಷ್ಟು ದಿನ ನೆಡುತೋಪು ನಡೆಯಿತು, ಸಭೆ ನಡೆಯಿತು. ಹಣ ನಿಂತ ಮೇಲೆ ಬಹಳಷ್ಟು ಸಮಿತಿಗಳು ಪುಸ್ತಕದಲ್ಲಷ್ಟೇ ಉಳಿದವು. ಅರಾಬಾರಿಯಲ್ಲಿ ಕೆಲಸ ಮಾಡಿದ್ದು ಊರಿನ ಜೊತೆ ಆದ ಒಪ್ಪಂದ. ಹರಡಿದ್ದು ಆ ಒಪ್ಪಂದದ ನಮೂನೆ.

ಇನ್ನು ತರೀಕೆರೆಯ ಕಡೆ ತಿರುಗೋಣ. ಭದ್ರಾ ಅಭಯಾರಣ್ಯದ ಒಳಗಿನ ಊರುಗಳ 419 ಕುಟುಂಬಗಳು 2001, 2002ರ ಹೊತ್ತಿಗೆ ಕಾಡು ಬಿಟ್ಟು ಹೊರಗೆ ಬಂದವು. ಹೆಚ್ಚಿನವು ಬಂದದ್ದು ತರೀಕೆರೆ ತಾಲ್ಲೂಕಿನ ಮಳಲಿ ಚನ್ನೇನಹಳ್ಳಿಗೆ, ನಾವೆಲ್ಲ ಎಂ.ಸಿ. ಹಳ್ಳಿ ಎನ್ನುವ ಜಾಗಕ್ಕೆ, ಉಳಿದವು ಕೆಳಗೂರಿಗೆ. ಇದನ್ನು ಜನರ ಸಂರಕ್ಷಣೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಊರನ್ನು ಖಾಲಿ ಮಾಡಿಸಿ ಕಾಡು ಉಳಿಸುವುದು ಬೇರೆ ದಾರಿ; ದೇಶದ ಅನೇಕ ಕಡೆ ಆ ದಾರಿ ಆದಿವಾಸಿಗಳಿಗೆ ಘೋರ ಅನ್ಯಾಯ ಮಾಡಿದೆ. ಆದರೆ ಭದ್ರಾ ಪ್ರಸಂಗವನ್ನು ಹರಡುವಿಕೆಯ ದೃಷ್ಟಿಯಿಂದ ನೋಡಲೇಬೇಕು. ಸ್ಥಳಾಂತರದ ಮಾತು ಎದ್ದದ್ದು 1974ರಲ್ಲಿ, ಅಭಯಾರಣ್ಯ ವಿಸ್ತಾರವಾಗಿ ಭದ್ರಾ ಎಂಬ ಹೆಸರು ಪಡೆದಾಗ. ಕಾಲು ಶತಮಾನ ಏನೂ ಆಗಲಿಲ್ಲ. ಒಳಗಿದ್ದವರಿಗೆ ರಸ್ತೆ, ಕರೆಂಟು, ಶಾಲೆ ಇರಲಿಲ್ಲ. ಆನೆ, ಹಂದಿಯ ಕಾಟ ಇತ್ತು. ಆಮೇಲೆ ಸ್ಥಳಾಂತರ ಆದದ್ದಾದರೂ ಹೇಗೆ? ಕಾಲುವೆ ನೀರು ಬರುವ ನೆಲವನ್ನು ಕೈತೋರಿಸಿ ಕೊಟ್ಟರು. ಡಿ.ವಿ. ಗಿರೀಶ್ ಅವರಂಥ ಚಿಕ್ಕಮಗಳೂರಿನ ಕಾರ್ಯಕರ್ತರು ಊರವರಿಗೂ ಕಚೇರಿಗೂ ನಡುವೆ ವರ್ಷಗಟ್ಟಲೆ ಓಡಾಡಿದರು. ಕೃತಿ ಕಾರಂತ ಅವರು ಸ್ಥಳಾಂತರದ ಹೊತ್ತಿನಲ್ಲೂ ನಾಲ್ಕು ವರ್ಷದ ನಂತರವೂ ಆ ಕುಟುಂಬಗಳನ್ನು ಕಂಡು 2007ರಲ್ಲಿ ಅಧ್ಯಯನ ಪ್ರಕಟಿಸಿದರು. ಬಹುಪಾಲು ಜನರ ಬದುಕು ಸುಧಾರಿಸಿದ್ದನ್ನು ಅದು ದಾಖಲಿಸಿತು, ಕೊರತೆಗಳನ್ನೂ ಮುಚ್ಚಿಡಲಿಲ್ಲ. ಕುದುರೆಮುಖ, ನಾಗರಹೊಳೆಗಳಲ್ಲಿ ಸ್ವಇಚ್ಛೆಯಿಂದ ಹೊರಬರುವ ಮಾತು ನಡೆದಾಗ ಭದ್ರಾದ ಉದಾಹರಣೆ ಮುಂದಿತ್ತು. ಸರ್ಕಾರದ ಆಶ್ವಾಸನೆಯನ್ನು ನಂಬದವನು ಎಂ.ಸಿ. ಹಳ್ಳಿಯ ಗದ್ದೆಯನ್ನು ನಂಬಬಲ್ಲ.

ಜನರ ಸಂರಕ್ಷಣೆ ತಾನಾಗಿ ಬೆಳೆಯುವುದು ಎಂದರೇನು ಎಂಬುದಕ್ಕೆ ನಮ್ಮ ರಾಜ್ಯದ ಉತ್ತಮ ಉದಾಹರಣೆ ಕೊಕ್ಕರೆಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಮರ ಖಾಸಗಿ, ಹಣ್ಣಿಗೆ ಬೆಲೆಯಿದೆ, ಹಿಕ್ಕೆಯಿಂದ ಬೆಳೆ ಹಾಳು. ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. ಆಮೇಲೆ ಮೈಸೂರಿನ ನಿಸರ್ಗಾಸಕ್ತರ ಜೊತೆ ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಹಾರಿಬಿಟ್ಟರು. ಅದಾದ ಎಷ್ಟೋ ವರ್ಷಕ್ಕೆ ಕಾನೂನಿನ ಮುದ್ರೆ ಬಿತ್ತು. ಮೊದಲು ಕೆಲಸ, ಕೊನೆಗೆ ಘೋಷಣೆ. ಬಾಸೂರಿನಲ್ಲಿ ಇದರ ಅನುಕ್ರಮ ತಿರುವುಮುರುವಾಯಿತು. ಘೋಷಣೆ ಬಂದಾಗಿದೆ, ಕೆಲಸವನ್ನು ಈಗ ಕೂಡಿಸಬೇಕು. ಅದು ಅಸಾಧ್ಯವಲ್ಲ, ಕಷ್ಟ.

ಜನರಿಗೆ ಹಕ್ಕು ಕೊಟ್ಟ ಉದಾಹರಣೆಗಳೂ ಇವೆ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರ ಸಿಕ್ಕಿತು, ಅದೂ ಹುಲಿ ಯೋಜನೆಯ ನೆಲದಲ್ಲಿ. ಆಫ್ರಿಕದ ನಮೀಬಿಯಾದಲ್ಲಿ 1980ರ ದಶಕದ ಬರದಲ್ಲಿ ಊರ ಮುಖಂಡರು ತಮ್ಮವರನ್ನೇ ವನ್ಯಜೀವಿಗಳ ಕಾವಲಿಗೆ ನೇಮಿಸಿದರು. 1996ರಲ್ಲಿ ಕಾನೂನು ಅವರಿಗೆ ವನ್ಯಜೀವಿಯಿಂದ ಬರುವ ಆದಾಯದ ಹಕ್ಕು ಕೊಟ್ಟಿತು. 1998ರಲ್ಲಿ ನಾಲ್ಕು ಸಮುದಾಯ ಸಂರಕ್ಷಣಾ ಪ್ರದೇಶಗಳು ನೋಂದಣಿಯಾದವು, ಇವತ್ತು 80ಕ್ಕೂ ಹೆಚ್ಚು. ಪಕ್ಕದ ಊರಿಗೆ ದುಡ್ಡು ಬಂದದ್ದನ್ನು, ಅದಕ್ಕಿಂತ ಹೆಚ್ಚಾಗಿ ಪಕ್ಕದ ಊರಿನ ಮಾತಿಗೆ ಬೆಲೆ ಬಂದದ್ದನ್ನು ಕಂಡು ಜನ ಅರ್ಜಿ ಹಾಕಿದರು. ನಮೀಬಿಯಾದ ಮಾದರಿ ನಮಗೆ ಹಾಗೇ ಒಗ್ಗುವುದಿಲ್ಲ; ಅಲ್ಲಿ ಬೇಟೆಯ ಆದಾಯವೂ ಸೇರಿದೆ, ಜನಸಾಂದ್ರತೆ ತೀರ ಕಡಿಮೆ. ಆದರೆ ಹಕ್ಕು ಮೊದಲು, ಹರಡುವಿಕೆ ಆಮೇಲೆ ಎಂಬ ಕ್ರಮ ಇಲ್ಲಿಗೂ ಸಲ್ಲುತ್ತದೆ.

ನಮ್ಮಲ್ಲೇ ಇದಕ್ಕೆ ಹಳೆಯ ಸಾಕ್ಷಿ ಇದೆ: ಕೆರೆ. ಬಾಬಾಬುಡನ್‌ಗಿರಿ ಸಾಲಿನ ಮೂಡಣ ಮಗ್ಗುಲಲ್ಲಿ ಹುಟ್ಟುವ ವೇದಾ ಅಯ್ಯನಕೆರೆಯನ್ನು, ಅವತಿ ಮದಗದ ಕೆರೆಯನ್ನು ತುಂಬಿಸಿ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗುತ್ತವೆ. ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರ ಕಂಡ ಅಯ್ಯನಕೆರೆ ಇವತ್ತಿಗೂ ಸಖರಾಯಪಟ್ಟಣದ ಅಚ್ಚುಕಟ್ಟಿಗೆ ನೀರುಣಿಸುತ್ತಿದೆ. ಕೆರೆ ಕಟ್ಟುವ, ಕಾಯುವ ವಿದ್ಯೆ ಈ ಬಯಲಿನಲ್ಲಿ ಊರೂರಿಗೆ ಹರಡಿ ಶತಮಾನಗಳ ಕಾಲ ಉಳಿಯಲು ಕಾರಣ ಪುಣ್ಯದ ಭಾವನೆ ಒಂದೇ ಅಲ್ಲ. ತೂಬಿನ ಕೆಳಗೆ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ನಿಗದಿಯಾಗಿತ್ತು, ನೀರುಗಂಟಿಗೆ ಸುಗ್ಗಿಯಲ್ಲಿ ಪಾಲಿತ್ತು, ಹೂಳೆತ್ತುವ ಸರದಿ ಪಾಲಿಗೆ ತಕ್ಕಂತಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಅನ್ಯಾಯ ದಂಡಿಯಾಗಿತ್ತು, ಅಚ್ಚುಕಟ್ಟಿನಲ್ಲಿ ನೆಲವಿಲ್ಲದವನಿಗೆ ದುಡಿಮೆ ಮಾತ್ರ ಉಳಿಯುತ್ತಿತ್ತು. ಅದನ್ನು ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಪಾಲು, ಸರದಿ, ಕಾಯುವವನಿಗೆ ಸಂಬಳ ಎಂಬ ಮೂರು ಅಂಶಗಳನ್ನು ಅಲ್ಲಿಂದ ತೆಗೆದುಕೊಳ್ಳಬಹುದು. ಈಗ ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗ ದಾಟಿ ವೇದಾವತಿಯ ಕಡೆ ಹರಿಯುತ್ತಿದೆ. ಹೊರಗಿನ ನೀರು ಬಂದಾಗ ಒಳಗಿನ ಕೆರೆಯ ಕಾಲುವೆ, ಕೋಡಿಗಳನ್ನು ಮರೆಯುವುದು ಸುಲಭ. ಈ ಎಚ್ಚರಿಕೆಯನ್ನು ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ, ಅದು ಇನ್ನೊಂದು ಉಪನ್ಯಾಸದಷ್ಟು ದೊಡ್ಡ ವಿಷಯ.

ಕೊನೆಯದಾಗಿ, ನನ್ನ ಮನಸ್ಸಿನಲ್ಲಿರುವ ಕೆಲಸಗಳನ್ನು ಈ ಸಭೆಯಲ್ಲಿರುವ ಪಂಚಾಯಿತಿ ಸದಸ್ಯರ ಮುಂದೆ ಇಡುತ್ತೇನೆ. ಬಾಸೂರಿನ ಸುತ್ತಲಿನ ಕುರಿಗಾಹಿಗಳನ್ನು ಮೈದೇನಹಳ್ಳಿಗೆ ಕರೆದುಕೊಂಡು ಹೋಗಿ, ಅಲ್ಲಿಯವರನ್ನು ಇಲ್ಲಿಗೆ ಕರೆಸಿ. ಒಂದು ಬಸ್ಸು, ಎರಡು ದಿನದ ಊಟದ ಖರ್ಚು. ಇಲಾಖೆಯವರು, ನಮ್ಮಂಥ ಭಾಷಣಕಾರರು ಆ ಬಸ್ಸಿನಲ್ಲಿ ಇರದಿದ್ದರೆ ಒಳ್ಳೆಯದು. ಅಜ್ಜಂಪುರ, ತರೀಕೆರೆ ತಾಲ್ಲೂಕುಗಳಲ್ಲಿ ಉಳಿದ ಪ್ರತಿ ಕಾವಲಿನ ಗಡಿ ಗುರುತಿಸಿದ ನಕ್ಷೆ ಆಯಾ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿರಲಿ. ನೆಲ ಯಾವ ಇಲಾಖೆಯದು, ಎಷ್ಟು ಒತ್ತುವರಿಯಾಗಿದೆ ಎಂಬುದು ಅದರಲ್ಲಿ ಬರೆದಿರಲಿ. ಜೀವವೈವಿಧ್ಯ ಸಮಿತಿಗಳು ಹೇಗೂ ಕಾಗದದಲ್ಲಿವೆ. ಅವುಗಳ ಜನತಾ ದಾಖಲೆಯನ್ನು ಸಲಹೆಗಾರರಿಂದ ಬರೆಸುವ ಬದಲು ಪ್ರೌಢಶಾಲೆಯ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಬರೆಯಲಿ. ಹುಲ್ಲಿನ ಹೆಸರುಗಳನ್ನು ಬಲ್ಲವರು ಇನ್ನು ಬಹಳ ಮಂದಿ ಉಳಿದಿಲ್ಲ.

ಎಲ್ಲಕ್ಕಿಂತ ತುರ್ತಿನದು, ಸಂರಕ್ಷಣಾ ಮೀಸಲಿನ ಸಮಿತಿಗೆ ನಿಮ್ಮ ಪಂಚಾಯಿತಿಯಿಂದ ಹೋಗುವ ಪ್ರತಿನಿಧಿ ಯಾರು ಎಂಬುದು. ಆ ಒಂದು ಸ್ಥಾನವನ್ನು ಕಾನೂನು ನಿಮಗೆ ಕೊಟ್ಟಿದೆ. ಅಲ್ಲಿಗೆ ಕಾವಲಿನಲ್ಲಿ ಕುರಿ ಮೇಯಿಸುವ ಮನೆಯವರನ್ನು ಕಳಿಸಿ, ಸಾಧ್ಯವಾದರೆ ಹೆಣ್ಣುಮಗಳನ್ನು ಕಳಿಸಿ. ಅವರು ಏನು ಕೇಳಬೇಕೆಂಬುದನ್ನು ಗ್ರಾಮಸಭೆಯಲ್ಲಿ ಮೊದಲೇ ಗೊತ್ತುಮಾಡಿ ನಡಾವಳಿಯಲ್ಲಿ ಬರೆಯಿಸಿ: ಈ ವರ್ಷ ಯಾವ ಮಗ್ಗುಲು ಮೇಯಬೇಕು, ಯಾವುದು ಬಿಡಬೇಕು, ಕಳೆದ ವರ್ಷ ತೋಳದ ಬಾಯಿಗೆ ಹೋದ ಕುರಿಗಳಿಗೆ ಪರಿಹಾರ ಬಂತೇ, ಬಾರದಿದ್ದರೆ ಅರ್ಜಿ ಯಾವ ಮೇಜಿನ ಮೇಲಿದೆ.